ಹಳೇ ರಸ್ತೆ, ಹಿಂದಿನ ಸೀಟು

ಎಲ್ಲದಕ್ಕೂ ಕಾರಣ ಒಂದು ಮೊಳೆ. ಕುಂದಾಪುರದ ಅಶೋಕಣ್ಣನ ಹಾರ್ಡ್‌ವೇರ್ ಅಂಗಡಿಯ ಗೋಡೆಯಲ್ಲಿ, ಧನಿಗಳ ತಲೆಯಿಂದ ಎರಡು ಗೇಣು ಮೇಲೆ ಹೊಡೆದಿದ್ದ ಆ ಮೊಳೆಯಲ್ಲಿ ಹೊಸ ವ್ಯಾನಿನ ಕೀಲಿಕೈ ನೇತಾಡುತ್ತಿತ್ತು. ಹತ್ತು ವರ್ಷದಿಂದ ಅದೇ ಅಂಗಡಿಯಲ್ಲಿ ಪೈಪು, ಬಕೆಟ್ಟು, ಬಿಜಾಗರಿ ಎತ್ತಿ ಕೊಡುತ್ತಿದ್ದ ರಾಜೇಂದ್ರ ದಿನಕ್ಕೆ ನಲವತ್ತು ಸಲ ಅದನ್ನು ನೋಡುತ್ತಿದ್ದ, ಉಪವಾಸ ಹಿಡಿದವನು ನೈವೇದ್ಯದ ಬಾಳೆಹಣ್ಣು ನೋಡುವ ಹಾಗೆ.

ಆ ಕೀಲಿಕೈ ಸಿಕ್ಕರೆ ದಿನಾ ಬೆಳಿಗ್ಗೆ ಸರಕು ತುಂಬಿಕೊಂಡು ಬೈಂದೂರಿನವರೆಗೆ ಸವಾರಿ. ಮೊಣಕೈ ಕಿಟಕಿಯ ಮೇಲೆ, ಮರವಂತೆಯಲ್ಲಿ ಈಚೆ ಹೊಳೆ, ಆಚೆ ಕಡಲು. ಅಶೋಕಣ್ಣ ಮಾತು ಕೊಟ್ಟಿದ್ದ, ಷರತ್ತಿನ ಮೇಲೆ. "ಈ ತಿಂಗ್ಳ್ ಒಂದೇ ಒಂದ್ ಸುಳ್ ರಜೆ ಹಾಕ್ದ್ಯಾ, ಕೀಲಿಕೈ ಮರ್ತ್ ಬಿಡ್. ನಿನ್ನ್ ಅಜ್ಜಿ ಎರಡ್ ಸಲ ಸತ್ತದ್ದ್ ನಂಗೊತ್ತಿತ್ತ್."

ತೊಂದರೆ ಏನೆಂದರೆ, ರಾಜೇಂದ್ರನಿಗೆ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಕೈ ಪಳಗಲೆಂದು ಸೆಕೆಂಡ್ ಹ್ಯಾಂಡ್ ಮಾರುತಿ ಕೊಂಡು ಮೂರು ವಾರವಾಗಿತ್ತು. ಅದು ಬ್ರಹ್ಮಾವರದ ಮನೆಯಿಂದ ಹಾಲಿನ ಡೇರಿಯ ತನಕ ಹೋಗಿ, ಅಲ್ಲಿಂದ ಹಿಮ್ಮುಖವಾಗಿ ವಾಪಸು ಬಂದಿತ್ತು. ಒಂದು ಇಡೀ ದಿನ ರಸ್ತೆಯಲ್ಲಿ ಓಡಿಸದೆ ವ್ಯಾನ್ ಮುಟ್ಟುವ ಹಾಗಿರಲಿಲ್ಲ. ರಜೆ ಕೇಳಿದರೆ ಅಶೋಕಣ್ಣ ಕೊಡುವವನಲ್ಲ. ಹಾಗಾಗಿ ಕೀಲಿಕೈ ಸಿಗಲೆಂದೇ ರಾಜೇಂದ್ರ ಕೀಲಿಕೈ ತಪ್ಪಿಸುವ ಕೆಲಸ ಮಾಡಿದ. ಮಂಗಳವಾರ ಬೆಳಿಗ್ಗೆ, ದನಿ ಗೋಳಾಡುವ ಹಾಗೆ ಕೇಳಲೆಂದು ಬಚ್ಚಲಲ್ಲಿ ನಿಂತು, ಧನಿಗೆ ಫೋನ್ ಮಾಡಿದ.

"ಅಶೋಕಣ್ಣ... ಹೊಟ್ಟೆ ಸರಿ ಇಲ್ಲೆ."

ಜೊತೆಗೆ ಕರೆದುಕೊಂಡದ್ದು ಸೋದರಮಾವ ಬಚ್ಚಣ್ಣನನ್ನು. ಬಚ್ಚಣ್ಣ ಮೂವತ್ನಾಲ್ಕು ವರ್ಷ ಉಡುಪಿ–ಬೈಂದೂರು ಪ್ರೈವೇಟ್ ಬಸ್ಸಿನ ಡ್ರೈವರ್. ಎರಡು ವರ್ಷದ ಹಿಂದೆ ಬಸ್ಸು ಬಿಟ್ಟಿದ್ದರೂ ಊಟಕ್ಕೆ ಕೂತಾಗ ಬಲಗಾಲು ಇನ್ನೂ ಬ್ರೇಕ್ ಹುಡುಕುತ್ತಿತ್ತು. ಅವನದೂ ಒಂದು ಷರತ್ತು: ಹೋಗುವುದಾದರೆ ಹಳೇ ರಸ್ತೆಯಲ್ಲೇ.

"ಈಗಿಂದ್ ಒಂದ್ ರಸ್ತಿಯಾ?" ಕಾರು ಹತ್ತುತ್ತಲೇ ಶುರು ಮಾಡಿದ. "ಹೋಪವ್ ಒಂದ್ ಬದಿ, ಬಪ್ಪವ್ ಇನ್ನೊಂದ್ ಬದಿ, ಮಧ್ಯ ಕಟ್ಟಿ. ಒಬ್ಬನ್ ಮುಖ ಒಬ್ಬಂಗೆ ಕಾಂತಿಲ್ಲೆ. ಮುಂಚೆ ಎದ್ರಿಂದ ಬಪ್ಪವ್ನಿಗೆ ಲೈಟ್ ಹಾಕಿ 'ಮುಂದೆ ಪೊಲೀಸ್ ಇದ್ರ್' ಅಂದ್ ಹೇಳ್ಲಕ್ಕಿತ್ತ್. ಕೈ ಎತ್ಲಕ್ಕಿತ್ತ್. ಸೈಡ್ ಕೊಡ್ದಿರೆ ಬೈಲಕ್ಕಿತ್ತ್. ಈಗ ಯಾರಿಗ್ ಬೈಯುದ್ ಮರ್ರೆ?"

ಬಚ್ಚಣ್ಣ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಎದುರು ಮನೆಗೆ ಹೋಗಲು ಎರಡು ಮೈಲು ಸುತ್ತಿಸುವ ರಸ್ತೆಯನ್ನು ಅಭಿವೃದ್ಧಿ ಎಂದು ಕರೆದವನಿಗೆ ಆ ಎದುರು ಮನೆಯಲ್ಲೇ ಹೆಣ್ಣು ಕೊಡಿಸಬೇಕು. ಆದರೆ ಹಳೆಯ ರಸ್ತೆ ಪೂರ್ತಿ ಸತ್ತಿರಲಿಲ್ಲ. ಕಡಿದ ಹಾವಿನ ಹಾಗೆ ತುಂಡು ತುಂಡಾಗಿ ಬಿದ್ದಿತ್ತು. ಕೆಲವು ಕಡೆ ಹೊಸ ರಸ್ತೆಯ ಒಂದು ಮಗ್ಗುಲೇ ಅದು, ಕೆಲವು ಕಡೆ ಸರ್ವಿಸ್ ರಸ್ತೆ, ನೇರ ಮಾಡಲು ಬಿಟ್ಟುಹೋದ ತಿರುವುಗಳಲ್ಲಿ ಮೀನು ಒಣಗಿಸುವ ಅಂಗಳ. ಬಚ್ಚಣ್ಣನಿಗೆ ಪ್ರತಿ ತುಂಡೂ ಗೊತ್ತಿತ್ತು.

ಮೊದಲ ಒಂದು ಗಂಟೆ ರಾಜೇಂದ್ರ ಸ್ವರ್ಗದಲ್ಲಿದ್ದ. ಸಾಸ್ತಾನ ಕಳೆಯುವಷ್ಟರಲ್ಲಿ ಮೂರನೇ ಗೇರು ತಾನಾಗಿ ಬಿತ್ತು. ಕೋಟದ ಹತ್ತಿರ ಒಂದು ತುಂಡಿನಲ್ಲಿ ಎದುರಿನಿಂದ ಟೆಂಪೋ ಬಂತು. ಇಬ್ಬರೂ ಅರ್ಧ ಚಕ್ರ ಮಣ್ಣಿಗೆ ಇಳಿಸಿದರು, ಟೆಂಪೋದವನು ಎರಡು ಬೆರಳೆತ್ತಿ ನಕ್ಕು ಹೋದ. ಪರಿಚಯವಿಲ್ಲದವನ ಆ ಎರಡು ಬೆರಳಿಗೆ ರಾಜೇಂದ್ರನಿಗೆ ಮೈ ಜುಮ್ಮೆಂದಿತು. ತೆಕ್ಕಟ್ಟೆಯಲ್ಲಿ ಬಿಸಿ ಬನ್ಸ್ ತಿಂದರು. "ಕೈ ಬಂತ್ ಮಾಣಿ ನಿಂಗೆ," ಎಂದ ಬಚ್ಚಣ್ಣ. ಮೊಳೆಯಲ್ಲಿದ್ದ ಕೀಲಿಕೈ ತಾನೇ ಹಾರಿ ಬಂದು ಅಂಗೈಗೆ ಬಿದ್ದ ಹಾಗಾಯಿತು.

ಅಷ್ಟರಲ್ಲಿ ಕುಂದಾಪುರದ ಫ್ಲೈಓವರ್ ಕಂಡಿತು.

"ಮಾವ, ಮೇಲಿಂದ ಹೋಪ," ಎಂದ ರಾಜೇಂದ್ರ. ಫ್ಲೈಓವರಿನ ಕೆಳಗೆ ಹಳೇ ರಸ್ತೆ. ಹಳೇ ರಸ್ತೆಯ ಪಕ್ಕದಲ್ಲೇ ಅಶೋಕಣ್ಣನ ಅಂಗಡಿ.

"ಮೇಲೆ ಹೋಪುಕೆ ನಾವೆಂತ ಕಾಗಿಯಾ? ಊರು ಕೆಳಗಿತ್ತ್."

"ಅಂಗ್ಡಿ ಇತ್ತ್ ಮಾವ! ಧನಿಗಳ್ ಕಂಡ್ರೆ ಮುಗೀತ್!"

"ಹಾಂಗಾರೆ ನೀನ್ ಹಿಂದೆ ಮಲ್ಗ್. ನಾನ್ ಬಿಡ್ತೆ. ಯಾರಾರೂ ಕೇಂಡ್ರೆ ಎಂತ ಹೇಳುದ್?"

"ಹೊಟ್ಟೆ ಸರಿ ಇಲ್ಲೆ ಅಂದೇಳಿ ಹೇಳಿ. ನನ್ನ್ ಹೆಸ್ರ್ ಮಾತ್ರ ಹೇಳ್ಬೇಡಿ."

ರಾಜೇಂದ್ರ ಹಿಂದಿನ ಸೀಟಿನಲ್ಲಿ ಸಿಗಡಿಯ ಹಾಗೆ ಮುದುಡಿ, ಸೀಟಿಗೆ ಹಾಸಿದ್ದ ಬೆಡ್‌ಶೀಟ್ ಹೊದ್ದುಕೊಂಡ. ಬಚ್ಚಣ್ಣನ ಬಲಗಾಲಿಗೆ ಎರಡು ವರ್ಷದ ನಂತರ ಬ್ರೇಕ್ ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು. ಅಂಗಡಿಯ ಎದುರು ಬಸ್ ಸ್ಟಾಪ್. ಸ್ಟಾಪಿನಲ್ಲಿ ಒಂದು ಕೈ ಮೇಲೆದ್ದಿತು. ಕೈ ಎತ್ತಿದವರನ್ನು ಬಿಟ್ಟು ಹೋಗಿ ಆ ಕಾಲಿಗೆ ಅಭ್ಯಾಸವಿರಲಿಲ್ಲ. ಕಾರು ಗಕ್ಕನೆ ನಿಂತಿತು.

"ಹ್ವಾಯ್ ಬಚ್ಚಣ್ಣಾ! ನಿಮ್ಮ್ ಬಸ್ಸ್ ಒಣಗಿ ಇಷ್ಟ್ ಸಣ್ಣ ಆಯ್ತಾ?"

"ಜಲಜಕ್ಕ! ಹತ್ತಿ ಹತ್ತಿ. ಎಲ್ಲಿಗ್ ಹೋಪುದ್?"

"ಕಿರಿಮಂಜೇಶ್ವರಕ್ಕೆ, ತಂಗಿ ಮನಿಗೆ. ಗಂಟೆಯಿಂದ ನಿಂತಿದ್ದೆ. ಬಸ್ಸೆಲ್ಲ ತಲೆ ಮೇಲಿಂದ್ಲೇ ಹಾರಿ ಹೋತಿತ್ತ್." ಅರವತ್ತೈದರ ಜಲಜಕ್ಕ ಒಣಮೀನಿನ ಚೀಲದೊಂದಿಗೆ ಹಿಂದೆ ಹತ್ತಿ, ಬೆಡ್‌ಶೀಟಿನ ಕಾಲುಗಳನ್ನು ಅತ್ತ ಸರಿಸಿ ಕೂತಳು. ಚೀಲ ಸರಿಯಾಗಿ ರಾಜೇಂದ್ರನ ಮೂಗಿನ ಕೆಳಗೆ ಬಂತು. "ಇದೆಂತ ಮುಚ್ಚಿಟ್ಟದ್ದ್?"

"ಅಳಿಯ. ಹೊಟ್ಟೆ ಸರಿ ಇಲ್ಲೆ."

"ಅಯ್ಯೋ ಪಾಪ! ಇವತ್ತ್ ಎಲ್ಲರಿಗೂ ಹೊಟ್ಟೆಯೇ. ನನ್ನ್ ಮಗ ಅಶೋಕ ವ್ಯಾನಲ್ಲಿ ಬಿಡ್ತೆ ಅಂದಿದ್ದ. ಇದೇ ಅಂಗ್ಡಿ ಕಾಣಿ, ಅವನ್ದೇ. ಅಂಗ್ಡಿಲಿಪ್ಪ ರಾಜೇಂದ್ರ ಅಂಬವ್ ಹೊಟ್ಟೆ ಸರಿ ಇಲ್ಲೆ ಅಂದೇಳಿ ಬರ್ಲಿಲ್ಲೆ ಅಂಬ್ರ್. ಎಂತ ಹೊಟ್ಟೆ! ಅಜ್ಜಿನ ಎರಡ್ ಸಲ ಕೊಂದ ಪಾಪಿ ಅವ್. ನಂಗೆ ಸಿಕ್ಕಿರೆ ಮೀನ್ ಸಿಗ್ದ್ ಹಾಂಗ್ ಸಿಗಿತೆ." ಹೀಗೆ ಹೇಳುತ್ತ ಬೆಡ್‌ಶೀಟನ್ನು ಅಕ್ಕರೆಯಿಂದ ತಟ್ಟಿದಳು. "ನೀನ್ ಮಲ್ಗ್ ಮಗಾ. ನಿಜವಾದ್ ಕಾಯ್ಲೆಯವ್ರ್ ಹೀಂಗ್ ಬಾಯ್ ಮುಚ್ಕಂಡ್ ಮಲಗ್ತ್ರ್."

ಬಚ್ಚಣ್ಣ ಸುಮ್ಮನೆ ಒಂದು ಹಾರ್ನ್ ಹೊಡೆದ.

ಹೆಮ್ಮಾಡಿಯ ಸ್ಟಾಪಿನಲ್ಲಿ ಬಾಳೆಗೊನೆ ಹೊತ್ತ ಗಣಪ ಮುಂದೆ ಹತ್ತಿದ. ಮುಳ್ಳಿಕಟ್ಟೆಯಲ್ಲಿ ಕೊಡೆ ಹಿಡಿದ ಪದ್ದು ಹಿಂದೆ ಹತ್ತಿ ರಾಜೇಂದ್ರನ ಮೊಣಕಾಲ ಮೇಲೆ ಕೂತಳು. ಇಬ್ಬರೂ ಬಚ್ಚಣ್ಣನ ಹಳೇ ಬಸ್ಸಿನ ದಿನದ ಗಿರಾಕಿಗಳು. ಇಬ್ಬರಿಗೂ ಜಲಜಕ್ಕನೇ ವರದಿ ಒಪ್ಪಿಸಿದಳು. ಮೂರು ಜನ ಸೇರಿದ ಮೇಲೆ ಕಾಯಿಲೆಯನ್ನು ಸುಮ್ಮನೆ ಬಿಡುವುದುಂಟೇ?

"ಮೆಂತೆ ನುಂಗಿ ಮಜ್ಜಿಗೆ ಕುಡಿಯುಕ್," ಎಂದಳು ಜಲಜಕ್ಕ. ಕಾರು ನಿಂತಿತು, ಮಜ್ಜಿಗೆ ಬಂತು.

"ಮಜ್ಜಿಗೆ ಎಂತಕ್? ಲಿಂಬೆ ಸೋಡ, ಉಪ್ಪ್ ಹಾಕಿ," ಎಂದ ಗಣಪ. ಸೋಡ ಬಂತು.

"ಎರಡೂ ಆಗ. ಓಮದ ಕಷಾಯಕ್ಕೆ ಸಮ ಯಾವ್ದೂ ಇಲ್ಲೆ." ಪದ್ದು ತ್ರಾಸಿಯಲ್ಲಿ ಗುರುತಿನ ಮನೆಗೆ ಇಳಿದು ಒಂದು ಚೊಂಬು ಕಷಾಯ ಕಾಯಿಸಿಕೊಂಡೇ ಬಂದಳು. ಅದರ ಮೇಲೆ ಗಣಪ ನಾಲ್ಕು ಬಾಳೆಹಣ್ಣು ತಿನ್ನಿಸಿದ. ಬೇಡ ಎಂದರೆ ದನಿ ಗಟ್ಟಿಯಾಗಿದೆ ಎನ್ನುತ್ತಾರೆ, ದನಿ ಗಟ್ಟಿಯಿದ್ದರೆ ಕಾಯಿಲೆ ಸುಳ್ಳು. ರಾಜೇಂದ್ರ ಬೆಡ್‌ಶೀಟಿನ ಸಂದಿಯಿಂದ ಬಾಯಿ ಮಾತ್ರ ಹೊರಹಾಕಿ, ಬಂದದ್ದೆಲ್ಲ ನುಂಗಿದ.

"ಕಾಣಿ, ಕಾಣಿ, ಕಡಲ್ ಎಷ್ಟ್ ಚಂದ!" ಮರವಂತೆಯಲ್ಲಿ ಎಲ್ಲರೂ ಕೂಗಿದರು. ದಿನಾ ಕನಸು ಕಂಡ ದಾರಿಯಲ್ಲಿ ರಾಜೇಂದ್ರನಿಗೆ ಕಂಡದ್ದು ಕಾರಿನ ಒಳಸೂರು ಮತ್ತು ಅದರಲ್ಲೊಂದು ಹರಕು.

ನಾವುಂದ ಕಳೆದ ಮೇಲೆ ಬಚ್ಚಣ್ಣ ಗೊಣಗತೊಡಗಿದ. ಅಲ್ಲಿ ಹಳೇ ರಸ್ತೆ ಬಲಮಗ್ಗುಲಾಗಿತ್ತು, ಅಂದರೆ ಎದುರಿನಿಂದ ಬರುವವರ ಪಾಲು. ಎಡಗಡೆಯದು ಹೊಸದಾಗಿ ಹಾಕಿದ್ದು. "ಇದ್ ನಮ್ಮ್ ರಸ್ತೆ ಅಲ್ಲ," ಎಂದವನೇ ನಡುವಿನ ಕಟ್ಟೆಯಲ್ಲಿ ಸಂದು ಸಿಕ್ಕಿದ ಕಡೆ ಕಾರನ್ನು ಬಲಕ್ಕೆ ನುಗ್ಗಿಸಿದ. ಎದುರಿನಿಂದ ಒಂದು ಲಾರಿ ಲೈಟ್ ಮಿನುಗಿಸುತ್ತ ಬಂತು. ಬಚ್ಚಣ್ಣನ ಮುಖ ಅರಳಿತು.

"ಕಂಡ್ರ್ಯಾ! ಎದ್ರಿಂದ ಗಾಡಿ ಬಪ್ಪುಕೆ ಶುರುವಾಯ್ತ್! ಲೈಟೂ ಹಾಕ್ತಾ ಇದ್ದ!" ಅವನೂ ಲೈಟ್ ಹಾಕಿದ, ಕೈ ಎತ್ತಿದ. ಲಾರಿಯವನೂ ಕೈ ಎತ್ತಿದ, ಬೇರೆ ಅರ್ಥದಲ್ಲಿ. ಮೂರು ಲಾರಿ, ಒಂದು ಬಸ್ಸು ಕಿರುಚುತ್ತ ಪಕ್ಕಕ್ಕೆ ಸರಿದವು. ಐದನೆಯದು ಪೊಲೀಸ್ ಜೀಪು. ಅದು ಸರಿಯಲಿಲ್ಲ.

"ಏನ್ರೀ ಯಜಮಾನ್ರೇ, ಒನ್‌ವೇಲಿ ಎದುರುಗಡೆ ಬರ್ತಾ ಇದೀರಲ್ಲ?" ಎಂದರು ಘಟ್ಟದ ಮೇಲಿನ ಇನ್ಸ್‌ಪೆಕ್ಟರು.

"ಎದುರ್ ಬಪ್ಪವ್ ನಾನಲ್ಲ ಸಾರ್. ನಾನ್ ಮೂವತ್ನಾಲ್ಕ್ ವರ್ಷದಿಂದ ಇದ್ರಲ್ಲೇ ಹೋತಾ ಇಪ್ಪುದ್. ಇವ್ರೆಲ್ಲ ಮೊನ್ನೆ ಬಂದವ್ರ್."

ಇನ್ಸ್‌ಪೆಕ್ಟರು ಕಾಗದಪತ್ರ ಕೇಳಿದರು. ಕೇಸು ಬಿದ್ದರೆ ಸುದ್ದಿ ಅಂಗಡಿಗೆ ಹೋಗುವುದು ಖಚಿತ ಎಂದು ರಾಜೇಂದ್ರ ಬೆವರಿದ. ಆಗ ಜಲಜಕ್ಕ ಎದೆ ಸೆಟೆದು ಮುಂದೆ ಬಂದಳು. "ಸಾರ್, ಮಾಣಿ ಸಾಯ್ತಾ ಇದ್ದ! ಆಸ್ಪತ್ರೆಗ್ ಕೊಂಡ್ಹೋಪು ಗಡಿಬಿಡಿಲಿ ಎಡ ಯಾವ್ದ್, ಬಲ ಯಾವ್ದ್?"

ಬೆಡ್‌ಶೀಟ್ ಎತ್ತಲಾಯಿತು. ಮಜ್ಜಿಗೆ, ಸೋಡ, ಕಷಾಯ ಒಳಗೆ ಬಡಿದಾಡುತ್ತಿದ್ದ ರಾಜೇಂದ್ರನ ಮುಖ ನಿಜಕ್ಕೂ ಹಸಿರಾಗಿತ್ತು. ಇನ್ಸ್‌ಪೆಕ್ಟರು ಆರ್‌ಸಿ ಓದಿದರು. "ರಾಜೇಂದ್ರ, ಬ್ರಹ್ಮಾವರ. ನೀವೇನಾ?"

ಜಲಜಕ್ಕನ ಕಣ್ಣು ಚೊಂಬಿನಷ್ಟಾಯಿತು. "ರಾಜೇಂದ್ರನಾ? ಹಾರ್ಡ್‌ವೇರ್ ಅಂಗ್ಡಿ ರಾಜೇಂದ್ರ?"

ರಾಜೇಂದ್ರ ಕಣ್ಣು ಮುಚ್ಚಿದ. ಮುಗಿಯಿತು, ಕೀಲಿಕೈ ಹೋಯಿತು. ಬಾಯಿ ತೆರೆಯುವ ಮೊದಲೇ ಹೊಟ್ಟೆ ಉತ್ತರ ಕೊಟ್ಟಿತು. ಏರಿನಲ್ಲಿ ಹಳೇ ಬಸ್ಸು ಫಸ್ಟ್ ಗೇರಿಗೆ ಬಿದ್ದಂತಹ ಸದ್ದು. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ದೇವ್ರೇ, ನಿಜವಾಯ್ಲೂ ಹೊಟ್ಟೆ!" ಜಲಜಕ್ಕ ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡಳು. "ನಿಂಗೆ ಎಷ್ಟ್ ಬೈದೆ ಮಗಾ! ನನ್ನ್ ನಾಲ್ಗಿಗೆ ಬೆಂಕಿ ಬೀಳ್ಲಿ!"

ಮುಂದೆ ಸೈರನ್ ಹಾಕಿದ ಜೀಪು, ಹಿಂದೆ ಮಾರುತಿ. ಬಚ್ಚಣ್ಣ ವಿಧಿಯಿಲ್ಲದೆ ಹೊಸ ಮಗ್ಗುಲಲ್ಲೇ ಬೈಂದೂರು ಸೇರಿದ. ಹತ್ತು ನಿಮಿಷದಲ್ಲಿ ರಾಜೇಂದ್ರ ಆಸ್ಪತ್ರೆಯ ಮಂಚದಲ್ಲಿದ್ದ, ಕೈಗೆ ಡ್ರಿಪ್. ಜಲಜಕ್ಕ ಅವನ ಎದುರೇ ಮಗನಿಗೆ ಫೋನ್ ಹಚ್ಚಿದಳು.

"ಅಶೋಕ, ಆ ಮಾಣಿ ಮೇಲೆ ಸಂಶಯ ಮಾಡ್ಬೇಡ. ನನ್ನ್ ಕಣ್ಣಾರೆ ಕಂಡೆ, ಕಿವಿಯಾರೆ ಕೇಂಡೆ. ಪೊಲೀಸ್ರೇ ಕರ್ಕಂಡ್ ಬಂದ್ ಸೇರ್ಸಿರ್!"

ರಾಜೇಂದ್ರನಿಗೆ ನಂಬಲಾಗಲಿಲ್ಲ. ಪೊಲೀಸರ ಸಾಕ್ಷಿ, ಧನಿಯ ಅಮ್ಮನ ಸಾಕ್ಷಿ, ಡಾಕ್ಟರ ಚೀಟಿ! ಇಷ್ಟು ಗಟ್ಟಿಯಾದ ರಜೆಯನ್ನು ಕುಂದಾಪುರದಲ್ಲಿ ಯಾರೂ ಹಾಕಿರಲಿಕ್ಕಿಲ್ಲ. ಕೀಲಿಕೈ ತನ್ನದೇ.

"ಡ್ರಿಪ್ ಮುಗಿಯುಕೆ ಎರಡ್ ಗಂಟೆ ಬೇಕಂಬ್ರ್," ಎಂದ ಬಚ್ಚಣ್ಣ. "ಅಷ್ಟ್ರೊಳ್ಗೆ ಒತ್ತಿನೆಣೆ ಗುಡ್ಡಿ ಹಳೇ ತಿರ್ವ್ ಕಂಡ್ಕಂಡ್ ಬತ್ತೆ ಮಾಣಿ. ಜಲಜಕ್ಕನ್ ತಂಗಿ ಮನಿಗೂ ಬಿಟ್ಟಿಕ್ ಬತ್ತೆ." ಕಿಟಕಿಯ ಹೊರಗೆ ಕಾರಿನ ಬಾಗಿಲಿಗೆ ಎರಡು ಸಲ ತಟ್ಟಿದ ಸದ್ದು ಕೇಳಿಸಿತು, ಕಂಡಕ್ಟರ್ ರೈಟ್ ಹೇಳುವ ಹಾಗೆ. ಮಾರುತಿ ಹೊರಟಿತು. ರಾಜೇಂದ್ರ ನಗುತ್ತಲೇ ಕೈ ಬೀಸಿದ.

ಮರುದಿನ ಅಂಗಡಿಗೆ ಕಾಲಿಟ್ಟಾಗ ಅಶೋಕಣ್ಣ ಎದ್ದು ನಿಂತ. ಹತ್ತು ವರ್ಷದಲ್ಲಿ ಮೊದಲ ಸಲ. "ಬಾ ಮಾರಾಯ, ಕೂಕೋ. ನಿನ್ನ್ ಮೇಲೆ ಸುಮ್ನೆ ಸಂಶಯ ಪಟ್ಟೆ."

"ಪರ್ವಾಗಿಲ್ಲೆ ಅಶೋಕಣ್ಣ," ಎನ್ನುತ್ತ ರಾಜೇಂದ್ರ ಮೆಲ್ಲಗೆ ಗೋಡೆ ನೋಡಿದ. ಮೊಳೆ ಖಾಲಿ! ಕೈ ತಾನಾಗಿ ಮುಂದೆ ಚಾಚಿತು.

"ಕೀಲಿಕೈಯಾ? ನಿಂಗೇ ಕೊಡ್ಕಂದ್ ಇದ್ದಿದ್ದೆ," ಎಂದ ಅಶೋಕಣ್ಣ. "ಆರೆ ಅಮ್ಮ ಕೇಂಬ್ಕಲ್ಲ. 'ಅಷ್ಟ್ ಮೆತ್ತನ್ ಹೊಟ್ಟೆಯವ್ನ ದಾರಿ ಮೇಲೆ ಕಳ್ಸಿರೆ ಕೊಂದ್ ಪಾಪ ನಿಂಗೇ' ಅಂದ್ರ್. ನಿನ್ನ್ ಮಾವ ಒಂದ್ ಸ್ಟಾಪೂ ತಪ್ಸುದಿಲ್ಲ ಅಂಬ್ರ್. ಇವತ್ತಿಂದ ಬೈಂದೂರ್ ಲೈನ್ ಅವ್ರಿಗೆ."

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಇಸ್ತ್ರಿ ಹಾಕಿದ ಖಾಕಿ ಅಂಗಿಯಲ್ಲಿ ಬಚ್ಚಣ್ಣ ಅಳಿಯನತ್ತ ಎರಡು ಬೆರಳೆತ್ತಿದ, ಸಂಕೋಚ ಅರ್ಧ, ಖುಷಿ ಅರ್ಧ. ಪಕ್ಕದಲ್ಲಿ ಆಗಲೇ ಗಣಪ ಕೂತಿದ್ದ. ವ್ಯಾನು ಫ್ಲೈಓವರಿನ ಕೆಳಗಿನ ಹಳೇ ರಸ್ತೆ ಹಿಡಿದು ಮರೆಯಾಯಿತು.

ಅದೇ ಹೊತ್ತಿಗೆ ರಾಜೇಂದ್ರನ ಹೊಟ್ಟೆಯಲ್ಲಿ ನಿನ್ನೆಯ ಕಷಾಯ ಕೊನೆಯ ತಿರುವು ತೆಗೆದುಕೊಂಡಿತು. ಈ ಸಲ ಬಚ್ಚಲಿನ ದನಿ ಬೇಕಾಗಲಿಲ್ಲ. "ಅಶೋಕಣ್ಣ... ನಿಜವಾಯ್ಲೂ... ಹೊಟ್ಟೆ ಸರಿ ಇಲ್ಲೆ. ಇವತ್ತೊಂದಿನ ರಜೆ..."

"ರಜೆ ಎಂತಕ್ ಮಾರಾಯ?" ಅಶೋಕಣ್ಣ ಪ್ರೀತಿಯಿಂದ ಅವನ ಹೆಗಲು ಹಿಡಿದು ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ, ಕಕ್ಕಸಿನ ಬಾಗಿಲ ಪಕ್ಕ, ಒಂದು ಹೊಸ ಸ್ಟೂಲು ಕಾಯುತ್ತಿತ್ತು. "ನಿನ್ನ್ ಜಾಗ ಇನ್ನ್ ಮೇಲೆ ಇಲ್ಲೇ. ಅಮ್ಮನೇ ಹೇಳಿ ಹಾಕ್ಸಿದ್."