ಗಂಡನ ಹೆಸರಿನ ಕಾಲಂ

ನರ್ಸಮ್ಮನ ಕೆಲಸ ಅಂದರೆ ಸೂಜಿ, ಮಾತ್ರೆ, ಹೆರಿಗೆ ಅಂತ ಜನ ತಿಳಿದಿದ್ದಾರೆ. ಅರ್ಧ ಕೆಲಸ ನಗು ತಡೆದುಕೊಳ್ಳೋದು ಅಂತ ಟ್ರೇನಿಂಗಿನಲ್ಲಿ ನನಗೂ ಯಾರೂ ಹೇಳಿರಲಿಲ್ಲ. ತೊಂಬತ್ತರ ದಶಕದಲ್ಲಿ ಸೋಸಲೆ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಆಮೇಲೆ ನಂಜನಗೂಡಿಗೆ ವರ್ಗವಾಯಿತು, ಅಲ್ಲೂ ಇಂಥವು ತಪ್ಪಲಿಲ್ಲ. ಆದರೆ ಒಂದೇ ಮನೆಯವರು ಒಂದೇ ಬಸಿರಿನಲ್ಲಿ ನನ್ನನ್ನು ಇಷ್ಟು ಆಟ ಆಡಿಸಿದ್ದು ಅದೊಂದೇ ಸಲ.

೧. ಪುಟ್ಟ

ಆ ಮನೆಯ ಸೊಸೆ ಕಡ್ಡಿ ಹಾಗಿದ್ದಳು. ಮೊದಲ ಬಸಿರು. ರಿಜಿಸ್ಟರ್ ತೆಗೆದು ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹೋಯಿತು. ಗಂಡನ ಹೆಸರನ್ನು ಹೆಂಡತಿ ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಂಬಿದ್ದ ಕಾಲ. ಸರಿ, ನಾನೇ ಒಂದೊಂದು ಹೆಸರು ಹೇಳ್ತೀನಿ, ತಲೆಯಾಡಿಸು ಸಾಕು ಅಂದೆ. ತಲೆಯಾಡಿಸಿದರೂ ಹೇಳಿದ ಹಾಗೇ ಅಂತೆ. ಗಂಡನನ್ನೇ ಕೇಳೋಣ ಅಂದರೆ ಅವನು ಬೆಳಿಗ್ಗೆಯೇ ನಂಜನಗೂಡಿನ ಕಾರ್ಖಾನೆಗೆ ಹೋಗಿಬಿಡುತ್ತಿದ್ದ.

ಅತ್ತೆಮ್ಮನನ್ನು ಕೇಳಿದೆ. ಪುಟ್ಟ ಅಂತು. ಅದು ಕರೆಯೋ ಹೆಸರು, ಸ್ಕೂಲಲ್ಲಿ ಬರೆಸಿದ ಹೆಸರು ಹೇಳಿ ಅಂದೆ.

"ಅದು ನಮ್ ಮಾವ್ನೋರ ಎಸ್ರು ಕಣವ್ವ. ನಾನೆಂಗೆ ಏಳ್ಲಿ?"

ಪೆನ್ಸಿಲ್‌ನಲ್ಲಿ ಪುಟ್ಟ ಅಂತಲೇ ಬರೆದುಕೊಂಡೆ. ಊರಿನಲ್ಲಿ ಮಿಕ್ಕ ಮನೆಗಳದ್ದೂ ಇದೇ ಕತೆ. ತಿಂಗಳ ಮೀಟಿಂಗಿನಲ್ಲಿ ಟಿ. ನರಸೀಪುರದ ಆಸ್ಪತ್ರೆಯ ಡಾಕ್ಟರಮ್ಮ ರಿಜಿಸ್ಟರ್ ನೋಡಿ ಕನ್ನಡಕ ತೆಗೆದರು. ಏಳು ಬಸುರಿಯರಿಗೂ ಗಂಡ ಪುಟ್ಟನೇ ಇದಾನಲ್ರೀ, ಮೊದಲು ಅವನನ್ನ ಹಿಡಿದು ಆಪರೇಷನ್ ಮಾಡ್ಸಿ ಅಂದರು.

೨. ಕೆಂಪು ಮಾತ್ರೆ

ತಿಂಗಳು ತಿಂಗಳೂ ಕಬ್ಬಿಣದ ಕೆಂಪು ಮಾತ್ರೆ ಕೊಟ್ಟು ಬರುತ್ತಿದ್ದೆ. ಆದರೂ ಹುಡುಗಿಯ ರಕ್ತ ಏಳರ ಮೇಲೆ ಏರಲೊಲ್ಲದು. ಅಷ್ಟು ಕಮ್ಮಿ ಇದ್ದರೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚಾಗಿ ರಕ್ತ ಹೋದರೂ ಜೀವಕ್ಕೇ ಕುತ್ತು. ನನಗೆ ನಿಜವಾಗಿ ಭಯವಾಗಿತ್ತು. ಅತ್ತ ಅತ್ತೆಮ್ಮ ಮಾತ್ರ ದಿನದಿನಕ್ಕೂ ಗೆಲುವಾಗಿ, ಅಟ್ಟ ಹತ್ತಿ ರಾಗಿ ಮೂಟೆ ಇಳಿಸುತ್ತಿತ್ತು. ಅನುಮಾನ ಬಂದು ಗದರಿ ಕೇಳಿದೆ. ಆ ಮಾತ್ರೆ ತಿಂದರೆ ಮಗು ಕರ್ರಗೆ ಹುಟ್ಟುತ್ತಂತೆ. ಸರ್ಕಾರದವರು ಕೊಟ್ಟಿದ್ದನ್ನ ಬಿಸಾಕೋದು ಬೇಡ ಅಂತ ಅಷ್ಟನ್ನೂ ತಾನೇ ನುಂಗಿದೆಯಂತೆ.

ನನಗೆ ರೇಗಿಹೋಯಿತು. "ಹಾಗಾದ್ರೆ ಮಗೂನೂ ನೀವೇ ಹೆತ್ತುಬಿಡಿ" ಅಂದೆ. ಆಮೇಲೆ ಕೂರಿಸಿಕೊಂಡು, ಸೊಸೆ ಉಳೀಬೇಕಾದ್ರೆ ಅವಳು ಮಾತ್ರೆ ತಿನ್ನಬೇಕು, ಹೆರಿಗೆ ಆಸ್ಪತ್ರೇಲೇ ಆಗಬೇಕು ಅಂತ ಬಿಡಿಸಿ ಹೇಳಿದೆ. ಮುದುಕಿಯ ಮುಖ ಬಾಡಿತು. ಆವತ್ತಿನಿಂದ ಸೊಸೆಯ ಎದುರು ಕೂತು, ನುಂಗಿಸಿ, ನಾಲಿಗೆ ಎತ್ತಿಸಿ ನೋಡೋದು. ರಕ್ತ ಒಂಬತ್ತಕ್ಕೆ ಬಂತು. ಸಂತೋಷಪಟ್ಟು ಹೊರಟರೆ ಅತ್ತೆಮ್ಮ ಬಾಗಿಲ ತನಕ ಬಂದು, ಮಿಕ್ಕಿದ್ರೆ ನಂಗೂ ನಾಕು ಕೊಡವ್ವ, ಮಂಡಿನೋವು ವಾಸಿಯಾಗಿತ್ತು ಅಂತು.

೩. ಕಟ್ಟಿದ್ದೆಲ್ಲ

ಒಂದು ಬೆಳಿಗ್ಗೆ ನೋವು ಶುರುವಾಗಿ, ಟ್ರ್ಯಾಕ್ಟರಿನಲ್ಲಿ ಟಿ. ನರಸೀಪುರದ ಆಸ್ಪತ್ರೆಗೆ ಬಂದೆವು. ಹೆರಿಗೆ ಸಲೀಸಾಗಲಿ ಅಂತ ಕಟ್ಟಿದ್ದನ್ನೆಲ್ಲ ಬಿಚ್ಚೋದು, ಮುಚ್ಚಿದ್ದನ್ನೆಲ್ಲ ತೆಗೆಯೋದು ಹಳೇ ಹೆಂಗಸರ ಪದ್ಧತಿ. ಅತ್ತೆಮ್ಮ ಮನೆಯ ಬೀಗ, ಪೆಟ್ಟಿಗೆ, ಕೊಟ್ಟಿಗೆಯ ಹಸು ಎಲ್ಲ ಬಿಚ್ಚಿಯೇ ಬಂದಿತ್ತು. ಇಲ್ಲಿಗೆ ಬಂದು ಕಿಟಕಿ, ಬೀರು, ಮೇಜಿನ ಡ್ರಾಯರ್ ತೆಗೆಯಿತು. ಆಫೀಸಿನಲ್ಲಿ ಫೈಲುಗಳ ಲಾಡಿ ಬಿಚ್ಚಿತು. ಕೊನೆಗೆ ಹಿಂದಿನಿಂದ ಬಂದು ನನ್ನ ಜಡೆಯನ್ನೂ ಬಿಚ್ಚಿತು.

ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಹೊರಗೆ ಕಾರ್ಖಾನೆಯಿಂದ ಓಡಿಬಂದ ಗಂಡನೂ ಊರ ಹಿರಿಯರೂ ಇದ್ದಾರೆಂಬ ನಾಚಿಕೆಗೆ ಹುಡುಗಿ ಸೆರಗು ಕಚ್ಚಿಕೊಂಡು ಮೈಯೆಲ್ಲ ಬಿಗಿ ಹಿಡಿದಿದ್ದಳು. ಬಾಯಿಬಿಟ್ಟು ಕೂಗು ತಾಯಿ ಅಂದರೂ ಕೇಳಲೊಲ್ಲಳು. ಇನ್ನರ್ಧ ಗಂಟೆ ನೋಡೋಣ, ಆಗದಿದ್ದರೆ ಮೈಸೂರಿಗೆ ಕಳಿಸೋಣ ಅಂದರು ಡಾಕ್ಟರಮ್ಮ. ಅವಳ ಸುಸ್ತು ನೋಡಿ, ದಾರಿಯಲ್ಲೇ ಏನಾದರೂ ಆದರೆ ಅಂತ ಮತ್ತೆ ಮತ್ತೆ ನಾಡಿ ಹಿಡಿದು ನೋಡುತ್ತಿದ್ದೆ.

ಆಗಲೇ ಅತ್ತೆಮ್ಮ ಒಳಗೆ ಬಂದು, ಎಲ್ಲಾನೂ ಬಿಚ್ಚಿವ್ನಿ, ಇನ್ನೇನು ಕಟ್ಟಿರದು ಉಳ್ಕಂಡದವ್ವಾ ಅಂತ ಅಳುತ್ತಾ ಕೇಳಿತು.

"ನಿಮ್ಮ ಸೊಸೆ ಬಾಯಿ" ಅಂದೆ ರೇಗಿ. "ಗಂಡನ ಹೆಸರನ್ನ ಒಂಬತ್ತು ತಿಂಗಳಿಂದ ಅದರಲ್ಲೇ ಗಂಟು ಹಾಕಿಟ್ಟಿದಾಳೆ."

ಮುದುಕಿಗೆ ಅದು ನಿಜ ಅನ್ನಿಸಿಬಿಟ್ಟಿತು. ಸೊಸೆಯ ಬಾಯಿಂದ ಸೆರಗು ಕಿತ್ತು, ಕೈ ಹಿಡಿದುಕೊಂಡಿತು. "ಎಸ್ರು ಏಳ್ಬುಡು ಕಣವ್ವ. ನಮ್ ಮಾವ್ನೋರು ಸತ್ತು ಇಪ್ಪತ್ ವರ್ಸಾಯ್ತು, ಏನೂ ಅಂದ್ಕಳಕಿಲ್ಲ."

ಮುಂದಿನ ನೋವಿಗೆ ಹುಡುಗಿ ಕೂಗಿದಳು ನೋಡಿ. "ಲೋ ಮಾದೇವಸ್ವಾಮೀ! ಎಲ್ಲಿ ಆಳಾಗೋದ್ಯೋ! ಈ ಮಗೀನಾ ನೀನೇ ಬಂದು ಎರೋ!"

ವರಾಂಡದಿಂದ, ಸ್ಕೂಲಲ್ಲಿ ಹಾಜರಿ ಹೇಳಿದ ಹಾಗೆ, "ಬಂದೆ" ಅಂತ ಒಂದು ನಡುಗುವ ಗಂಡು ದನಿ. ಅದರ ಹಿಂದೆಯೇ, ಮತ್ತೆರಡು ನೋವಿಗೆ ಮಗುವೂ ಬಂತು. ಹೆಣ್ಣು, ಗಟ್ಟಿ ಗಂಟಲು. ರಕ್ತವೂ ಹೆಚ್ಚು ಹೋಗಲಿಲ್ಲ. ನಾನೂ ಅತ್ತೆಮ್ಮನೂ ತಬ್ಬಿಕೊಂಡು ಅತ್ತೆವು. ಕೈ ತೊಳೆದವಳೇ ರಿಜಿಸ್ಟರ್ ತೆಗೆದು ಪುಟ್ಟನನ್ನು ಅಳಿಸಿ, ಶಾಯಿಯಲ್ಲಿ ಮಾದೇವಸ್ವಾಮಿ ಅಂತ ಬರೆದೆ.

ಸಂಜೆ ಡಾಕ್ಟರಮ್ಮ ಜನನದ ಫಾರಂ ಹಿಡಿದು ಬಂದು ಗಂಡನ ಹೆಸರು ಕೇಳಿದರು. ಸೆರಗು ಮತ್ತೆ ಬಾಯಿಗೆ ಹೋಯಿತು.

"ಮಧ್ಯಾಹ್ನ ಇಡೀ ಆಸ್ಪತ್ರೆಗೆ ಕೇಳೋ ಹಾಗೆ ಕೂಗಿದ್ಯಲ್ಲೇ" ಅಂದೆ.

"ಅದು ನೋವು ಕೂಗಿದ್ದು ಕಣಕ್ಕ" ಅಂದಳು ಮೆತ್ತಗೆ. "ನಾನಲ್ಲ."