ಅತಿಸ್ಪಷ್ಟ ಚಿತ್ರದಲ್ಲಿ ನಮ್ಮ ಮನೆಯ ಹಂಸ

ಮೂವತ್ತೆಂಟು ವರ್ಷ ಪ್ರಶ್ನೆಪತ್ರಿಕೆಗಳಲ್ಲಿ ‘ಎರಡು ವಾಕ್ಯಗಳಲ್ಲಿ ಉತ್ತರಿಸಿರಿ’ ಎಂದು ಬರೆದು ಮಕ್ಕಳ ಹೊಟ್ಟೆ ಉರಿಸಿದವನು ನಾನು. ನಿವೃತ್ತನಾಗಿ ಹನ್ನೊಂದು ವರ್ಷವಾದ ಮೇಲೆ ಅದೇ ಪ್ರಶ್ನೆ ನನ್ನ ಮನೆಬಾಗಿಲಿಗೇ ಬಂತು. ತಂದವನು, ನಮ್ಮ ಮನೆಯ ಮಾಳಿಗೆಯ ಮೇಲೆ ಹೊಸ ಡಿಶ್ ಕೂರಿಸಿ ಬೆವರೊರೆಸಿಕೊಳ್ಳುತ್ತ ಕೆಳಗಿಳಿದ ತಂತ್ರಜ್ಞ.

“ಗ್ರಾಹಕರ ಅನಿಸಿಕೆ ಫಾರಂ ಸಾರ್. ಹೊಸ ಸಾಮಾನು ಹೇಗಿದೆ ಅಂತ ಎರಡು ವಾಕ್ಯ ಬರೆದಿಡಿ. ನಾಳಿದ್ದು ಬಂದು ಇಸ್ಕೊಂಡ್ಹೋಗ್ತೀನಿ” ಎಂದು ಹೇಳಿ ಏಣಿಯನ್ನು ಹೆಗಲಿಗೇರಿಸಿ ನಡೆದ.

ಈ ಸಾಮಾನು ನಮ್ಮ ಮನೆಗೆ ಬಂದದ್ದು ಸುಲಭವಾಗಿಯೇನೂ ಅಲ್ಲ. ನಮ್ಮ ಹಳೆಯ ಟಿ.ವಿ.ಯಲ್ಲಿ ವಾರ್ತೆ ಓದುವವರೆಲ್ಲ ಹಬೆಯ ಕೋಣೆಯಲ್ಲಿ ಕೂತಂತೆ ಕಾಣುತ್ತಿದ್ದರು. ಬೆನ್ನಿಗೊಂದು ಬಿಟ್ಟರೆ ಹಬೆ ಕೊಂಚ ಸರಿಯುತ್ತಿತ್ತು (ಟಿ.ವಿ.ಯ ಬೆನ್ನಿಗೆ; ಮಕ್ಕಳ ಬೆನ್ನಿಗೆ ನಾನು ಎಂದೂ ಬಿಟ್ಟವನಲ್ಲ). ಪತ್ರಿಕೆಯಲ್ಲಿ ‘ಉಪಗ್ರಹದಿಂದ ನೇರವಾಗಿ ಅತಿಸ್ಪಷ್ಟ ಚಿತ್ರ’ ಎಂಬ ಜಾಹೀರಾತು ಕಂಡ ದಿನವೇ ನಾನು ಮನಸೋತೆ.

“ಆಟದ ಮೈದಾನ ತೋರಿಸಿದರೆ ಹುಲ್ಲಿನ ಎಸಳು ಎಣಿಸಬಹುದಂತೆ ಕಣೇ” ಎಂದೆ.

“ಎಣಿಸಿ ಏನ್ಮಾಡ್ತೀರಿ?” ಎಂದಳು ಹೆಂಡತಿ, ಬಟಾಣಿ ಸುಲಿಯುತ್ತ.

ಎದ್ದು ಅಂಗಡಿಗೆ ಹೋಗಿ ಹೆಸರು ಬರೆಸಿ ಬಂದೆ.

ಮೊದಲ ದಿನ ಸಂಜೆ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರರೂ ಪಕ್ಕದ ಬೀದಿಯಿಂದ ನನ್ನ ಹೆಂಡತಿಯ ತಂಗಿಯೂ ನೋಡಲು ಬಂದರು. ಡಿಶ್ ಜೊತೆಗೆ ಬಂದ ಹೊಸ ಟಿ.ವಿ.ಯದು ತರಗತಿಯ ಕರಿಹಲಗೆಯಷ್ಟು ಅಗಲದ ಪರದೆ. ಒತ್ತುಗುಂಡಿ ಅದುಮಿದೆ. ಧಾರಾವಾಹಿ ನಡೆಯುತ್ತಿತ್ತು. ಹೆಂಡತಿಯ ತಂಗಿ ಒಂದು ನಿಮಿಷ ನೋಡಿ, “ಅಕ್ಕಾ, ಅತ್ತೆಗಿಂತ ಸೊಸೆಗೇ ವಯಸ್ಸಾಗಿದೆಯಲ್ಲೇ. ಇಷ್ಟು ವರ್ಷ ಅತ್ತೆ ಕಾಟ ಕೊಡ್ತಾಳೆ ಅಂತ ಅಳ್ತಾ ಕೂತಿದ್ವಿ. ಪಾಪ, ಆ ಅತ್ತೆ ಹುಡುಗೀನೇ ಹೆದರ್ಕೊಂಡಿರಬೇಕು” ಎಂದಳು. ಪೋಸ್ಟ್‌ಮಾಸ್ಟರರು ಜಾಹೀರಾತು ಬಂದಾಗ ಮಾತ್ರ ಮುಂದಕ್ಕೆ ಬಾಗುತ್ತಿದ್ದರು. ಪರದೆಯ ಅಡಿಯಲ್ಲಿ ಇರುವೆ ಸಾಲಿನಂತೆ ಓಡುವ ಷರತ್ತುಗಳನ್ನು ಅವರು ಜೀವಮಾನದಲ್ಲಿ ಮೊದಲ ಬಾರಿಗೆ ಓದಲು ಸಾಧ್ಯವಾಗಿತ್ತು. ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, “ಹಾಗಾದ್ರೆ ಆ ಮುಲಾಮು ಹಚ್ಚಿದ್ರೂ ಮಂಡಿನೋವು ಹೋಗಲ್ಲ ಅಂತ ಅವರೇ ಬರೆದಿದ್ದಾರೆ ಮೇಷ್ಟ್ರೇ” ಎಂದು ನಿಟ್ಟುಸಿರಿಟ್ಟರು.

ನನ್ನ ಹೆಂಡತಿಯ ಅನಿಸಿಕೆ ಕೇಳಿದೆ. ಅವಳಿಗೆ ದೂರದ ದೃಷ್ಟಿ ಮಂದ. ಕನ್ನಡಕ ಹಾಕುವುದು ಟಿ.ವಿ. ನೋಡುವಾಗ ಮಾತ್ರ; ಉಳಿದ ಸಮಯದಲ್ಲಿ ಅದು ಅಡಿಗೆಮನೆಯ ಕಿಟಕಿಯ ಮೇಲೆ ವಿಶ್ರಾಂತಿ ಪಡೆಯುತ್ತದೆ. “ಚೆನ್ನಾಗಿದೆ. ವಾರ್ತೆಯವಳ ಕಾಲರ್‌ಗೆ ಇಸ್ತ್ರಿ ಸಾಲದು” ಎಂದಷ್ಟೇ ಹೇಳಿ ಎದ್ದಳು.

ಇಷ್ಟೆಲ್ಲವನ್ನೂ ಎರಡೇ ವಾಕ್ಯಗಳಲ್ಲಿ ಬರೆಯುವುದು ಹೇಗೆ? ಆದರೂ ಪ್ರಶ್ನೆ ಎಂದರೆ ಪ್ರಶ್ನೆ. ಎರಡೇ ವಾಕ್ಯಗಳಲ್ಲಿ ಬರೆದೆ. ಒಂದೊಂದು ವಾಕ್ಯವೂ ಒಂದೂವರೆ ಪುಟವಾಯಿತು. ಅಲ್ಪವಿರಾಮ, ಅರ್ಧವಿರಾಮಗಳನ್ನು ಯಥಾಸ್ಥಾನದಲ್ಲಿ ನಿಲ್ಲಿಸಿ, ಪ್ರತಿ ವಾಕ್ಯದ ಕೊನೆಯಲ್ಲಿ ಒಂದೊಂದು ಪೂರ್ಣವಿರಾಮವನ್ನಿಟ್ಟು, ಹೆಚ್ಚುವರಿ ಹಾಳೆಗಳನ್ನು ದಾರದಿಂದ ಕಟ್ಟಿ ಕೊಟ್ಟೆ. ತಂತ್ರಜ್ಞ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ವಾರದೊಳಗೆ ಕಂಪನಿಯಿಂದ ಫೋನ್ ಬಂತು. ನನ್ನ ಅನಿಸಿಕೆ ಅವರಿಗೆ ಬಹಳ ಹಿಡಿಸಿತಂತೆ. ಅದನ್ನು ನನ್ನ ಬಾಯಿಂದಲೇ ಹೇಳಿಸಿ, ನಮ್ಮ ಮನೆಯ ನಡುಮನೆಯಲ್ಲೇ ಚಿತ್ರೀಕರಿಸಿ, ಟಿ.ವಿ.ಯಲ್ಲಿ ತೋರಿಸುತ್ತಾರಂತೆ. ನಾನು ನಿಂತಲ್ಲೇ ಒಂದು ಗೇಣು ಬೆಳೆದೆ. ನನ್ನಲ್ಲಿ ಕಲಿತ ಮಕ್ಕಳು ಎಲ್ಲೆಲ್ಲಿದ್ದಾರೋ, ಅವರೆಲ್ಲ ಟಿ.ವಿ. ಹಚ್ಚಿದಾಗ, ‘ಇವರು ನಮ್ಮ ಮೇಷ್ಟ್ರು’ ಎಂದು ಹೆಂಡತಿಮಕ್ಕಳಿಗೆ ತೋರಿಸುವ ದೃಶ್ಯ ಕಣ್ಣಿಗೆ ಕಟ್ಟಿತು.

ಮರುಕ್ಷಣವೇ ಹಂಸದ ನೆನಪಾಗಿ ಆ ಗೇಣನ್ನೂ ಕಳೆದುಕೊಂಡೆ.

ಓದುಗರ ಮುಂದೆ ಮುಚ್ಚಿಡುವುದೇನು. ನಮ್ಮ ನಡುಮನೆಯ ಗಾಜಿನ ಕಪಾಟಿನಲ್ಲಿ ಪಿಂಗಾಣಿಯ ಎರಡು ಹಂಸಗಳಿವೆ. ನನ್ನ ಮಾವನವರು ಮಗಳಿಗೆ ಕೊಟ್ಟದ್ದು. ಹನ್ನೊಂದು ವರ್ಷಗಳ ಹಿಂದೆ, ನನ್ನ ಬೀಳ್ಕೊಡುಗೆಯ ದಿನ ಬೆಳಿಗ್ಗೆ, ಹೆಂಡತಿ ತರಕಾರಿಗೆ ಹೋಗಿದ್ದಳು. ಕಪಾಟಿನ ಗಾಜಿನಲ್ಲಿ ಮುಖ ಚೆನ್ನಾಗಿ ಕಾಣಲೆಂದು ಬಾಗಿಲು ಅರೆ ತೆರೆದು, ಅದರ ಮುಂದೆ ನಿಂತು ನನ್ನ ವಿದಾಯ ಭಾಷಣದ ತಾಲೀಮು ಮಾಡುತ್ತಿದ್ದೆ. ‘ಪ್ರೀತಿಯ ಮಕ್ಕಳೇ, ನಾನಿನ್ನು ಹೊರಡುತ್ತೇನೆ’ ಎಂಬಲ್ಲಿ ಬಲಗೈಯನ್ನು ಹೀಗೆ ಬೀಸುವುದೆಂದು ಯೋಚಿಸಿದ್ದೆ. ಬೀಸಿದೆ. ನನಗಿಂತ ಮೊದಲು ಹಂಸದ ಕುತ್ತಿಗೆ ಹೊರಟಿತು.

ಬೇರೆಯವರಾಗಿದ್ದರೆ ಅಂಗಡಿಗೆ ಓಡುತ್ತಿದ್ದರು, ಇಲ್ಲವೇ ಹೆಂಡತಿಯ ಕಾಲು ಹಿಡಿಯುತ್ತಿದ್ದರು. ನಾನು ಮೇಷ್ಟ್ರು. ಸೀಮೆಸುಣ್ಣ ಪುಡಿ ಮಾಡಿದೆ, ಅಂಟಿನಲ್ಲಿ ಕಲಸಿದೆ, ಕುತ್ತಿಗೆ ಕೂರಿಸಿದೆ. ಭೂಪಟಗಳನ್ನೂ ವಿಜ್ಞಾನದ ಕೋಣೆಯ ಅಸ್ಥಿಪಂಜರವನ್ನೂ ಹಾಗೆಯೇ ದುರಸ್ತಿ ಮಾಡಿದ ಅನುಭವವಿತ್ತು. ಹತ್ತಿರದಿಂದ ನೋಡಿದರೆ ಮಾತ್ರ ಕೊರಳಿನ ಒಂದು ಮಗ್ಗುಲಲ್ಲಿ ಬಿಳಿಯ ಪಟ್ಟಿ ಕಾಣುತ್ತಿತ್ತು. ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಆ ಮೇಲೆ ಕಪಾಟಿನ ಧೂಳು ಒರೆಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹನ್ನೊಂದು ವರ್ಷ, ಪ್ರತಿ ಭಾನುವಾರ, ತಪ್ಪಿಲ್ಲದೆ. “ನಮ್ಮನೆಯವರು ಕಪಾಟು ಮುಟ್ಟೋಕೆ ನನಗೆ ಬಿಡೋದೇ ಇಲ್ಲ” ಎಂದು ಹೆಂಡತಿ ಬಂದವರೆದುರು ಹೊಗಳುವಾಗ ನಾನು ವಿನಯದಿಂದ ನೆಲ ನೋಡುತ್ತಿದ್ದೆ. ಬೀದಿಯ ಹೆಂಗಸರೆಲ್ಲ ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸಿ ಬೈಯುತ್ತಿದ್ದರು.

ಚಿತ್ರೀಕರಣಕ್ಕೆ ಮೂವರು ಬಂದರು. ಅವರ ಮುಖ್ಯಸ್ಥೆ ಚುರುಕಿನ ಹೆಣ್ಣುಮಗಳು. ನಡುಮನೆಯನ್ನು ಒಂದು ಸುತ್ತು ನೋಡಿ, ನಾನು ಹಾಕಿದ್ದ ಕುರ್ಚಿಯನ್ನು ಎತ್ತಿಸಿ ಸೀದಾ ಕಪಾಟಿನ ಮುಂದೆ ಇಡಿಸಿದಳು.

“ಕಿಟಕಿ ಹತ್ತಿರ ಬೆಳಕು ಚೆನ್ನಾಗಿದೆ” ಎಂದೆ ನಾನು.

“ಇಲ್ಲಿ ಮನೆ ಕಳೆ ಬರುತ್ತೆ ಸಾರ್” ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಕಪಾಟು ತೆರೆದು, “ಜೋಡಿ ಹಂಸದಲ್ಲಿ ಒಂದು ಮುನಿಸ್ಕೊಂಡು ಗೋಡೆ ಕಡೆ ತಿರುಗಿದೆಯಲ್ಲ” ಎನ್ನುತ್ತ ಅದನ್ನು ಸರಕ್ಕನೆ ತಿರುಗಿಸಿಟ್ಟಳು. ಎರಡು ಹಂಸಗಳೂ ಹನ್ನೊಂದು ವರ್ಷಗಳ ಮೇಲೆ ಮುಖಾಮುಖಿಯಾದವು. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕನ್ನಡಕ ಕಿಟಕಿಯ ಮೇಲಿತ್ತು. ನಾನು ಬಾಯಿ ತೆರೆದರೆ ಅವಳು ಹತ್ತಿರ ಬರುತ್ತಾಳೆ; ಹತ್ತಿರ ಬಂದರೆ ನನ್ನ ಕಥೆ ಮುಗಿಯುತ್ತದೆ. ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಳಿತೆ. ಕ್ಯಾಮರಾ ನನ್ನನ್ನೂ ನನ್ನ ಎಡಭುಜದ ಮೇಲಿನ ಹಂಸವನ್ನೂ ಒಟ್ಟಿಗೆ ದಿಟ್ಟಿಸಿತು.

“ಹೇಳಿ ಸಾರ್, ನಿಮ್ಮ ಅನಿಸಿಕೆ.”

ಬರೆದದ್ದರಲ್ಲಿ ಅವರು ಗುರುತು ಹಾಕಿದ್ದ ಸಾಲನ್ನೇ ಹೇಳಬೇಕಿತ್ತು. ಹೇಳಿದೆ. “ಈ ಅತಿಸ್ಪಷ್ಟ ಚಿತ್ರದ ಮುಂದೆ ಕೂದಲೆಳೆಯಷ್ಟು ದೋಷವನ್ನೂ ಯಾರೂ ಬಚ್ಚಿಡಲಾರರು.”

“ಬಹಳ ಭಾವ ತುಂಬಿ ಹೇಳಿದ್ರಿ ಸಾರ್, ಹಣೆ ಬೆವರಿದ್ದೂ ನೈಜವಾಗಿ ಬಂದಿದೆ” ಎಂದು ಅವಳು ಕೈ ಕುಲುಕಿದಳು. ಅವರು ಅತ್ತ ಹೋದದ್ದೇ ತಡ, ನಾನು ಹಂಸವನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರಸಾರ. ಶನಿವಾರ ಹೆಂಡತಿಯನ್ನು ಅವಳ ತಂಗಿಯ ಮನೆಗೆ ಕಳಿಸಲು ನೋಡಿದೆ.

“ಹೋಗಿ ನಾಲ್ಕು ದಿನ ಇದ್ದು ಬಾ. ಸುಧಾರಿಸಿಕೊಂಡ ಹಾಗಾಗುತ್ತದೆ.”

“ಮದುವೆಯಾಗಿ ನಲವತ್ತೆರಡು ವರ್ಷಕ್ಕೆ ನೀವು ಮೊದಲ ಸಲ ಟಿ.ವಿ.ಲಿ ಬರ್ತೀರಿ. ನಾನು ಅಲ್ಲಿ ಹೋಗಿ ಸುಧಾರಿಸ್ಕೊಳ್ಳಾ? ಅವಳೇ ಇಲ್ಲಿಗೆ ಬರ್ತಾಳೆ. ಪೋಸ್ಟ್‌ಮಾಸ್ಟರಿಗೂ ಹೇಳಿದ್ದೀನಿ.”

ಉಳಿದದ್ದು ಒಂದೇ ದಾರಿ. ಭಾನುವಾರ ಅವಳು ಸ್ನಾನಕ್ಕೆ ಹೋದಾಗ ಅಡಿಗೆಮನೆಯ ಕಿಟಕಿಯಿಂದ ಕನ್ನಡಕವನ್ನೆತ್ತಿ, ನನ್ನ ಪುಸ್ತಕದ ಕಪಾಟಿನ ಮೇಲ್ತಟ್ಟಿನಲ್ಲಿ ಜೋಡಿಸಿಟ್ಟ ಹಳೆಯ ಹಾಜರಿ ಪುಸ್ತಕಗಳ ಹಿಂದೆ ಸೇರಿಸಿದೆ. ಮೂವತ್ತೆಂಟು ವರ್ಷ ‘ಕದಿಯಬಾರದು, ಸುಳ್ಳು ಹೇಳಬಾರದು’ ಎಂದು ಪಾಠ ಹೇಳಿದ ಕೈ ಅದು. ಆಮೇಲೆ ಅವಳೊಂದಿಗೆ ಸೇರಿ ಇಡೀ ಮನೆ ಹುಡುಕಿದೆ. ಮಂಚದ ಅಡಿಯಲ್ಲಿ ಎರಡು ಸಲ ತೆವಳಿದೆ.

“ಹೋಗ್ಲಿ ಬಿಡಿ, ಕಣ್ಣಿಗೆ ಕಾಣದಿದ್ರೂ ಕಿವಿಗೆ ಕೇಳುತ್ತಲ್ಲ” ಎಂದು ಅವಳು ಸಮಾಧಾನ ಹೇಳಿದಾಗ ನನಗೆ ನನ್ನ ಮೇಲೆಯೇ ಬೇಸರವಾಯಿತು. ಅದರ ಜೊತೆಗೆ, ಸುಳ್ಳೇಕೆ ಹೇಳಲಿ, ನಿರಾಳವೂ ಆಯಿತು.

ಹನ್ನೊಂದು ಹೊಡೆಯಿತು. ನನ್ನ ಮುಖ ಪರದೆಯ ತುಂಬ ಬಂತು. ಅಷ್ಟು ದೊಡ್ಡದಾಗಿ ನನ್ನ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕರಿಹಲಗೆಯ ಮೇಲೆ ಬರೆದ ನದಿಗಳ ನಕ್ಷೆಯಂತಿತ್ತು. ಚಿತ್ರೀಕರಣದ ದಿನ ಬೆಳಿಗ್ಗೆ ಕ್ಷೌರ ಮಾಡುವಾಗ ಬಿಟ್ಟುಹೋದ ಏಳು ಕೂದಲುಗಳೂ ಹಾಜರಿದ್ದವು. “ಕೂದಲೆಳೆಯಷ್ಟು ದೋಷವನ್ನೂ” ಎಂದು ನಾನು ಪರದೆಯಲ್ಲಿ ಬೆರಳೆತ್ತುವ ಹೊತ್ತಿಗೆ ಕ್ಯಾಮರಾ ಮೆಲ್ಲನೆ ನನ್ನನ್ನು ಬಿಟ್ಟು ಎಡಭುಜದ ಮೇಲೆ ಹಾದು ಹಂಸದ ಹತ್ತಿರ, ಇನ್ನೂ ಹತ್ತಿರ ಹೋಯಿತು. ಹಂಸದ ಕುತ್ತಿಗೆ ವಿದ್ಯುತ್ ಕಂಬದಷ್ಟಾಯಿತು. ನಡುವೆ ಅಡ್ಡಲಾಗಿ, ಉಬ್ಬುತಗ್ಗಾದ ಸೀಮೆಸುಣ್ಣದ ಪಟ್ಟಿ. ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತು.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣು ಕಿರಿದು ಮಾಡಿ, ಮಂಜಿನಲ್ಲಿ ಬಸ್ಸಿಗೆ ಕಾಯುವವಳಂತೆ ಶಾಂತವಾಗಿದ್ದಳು. ಗೆದ್ದೆ ಎಂದುಕೊಂಡೆ.

“ಅಕ್ಕಾ,” ಎಂದಳು ಅವಳ ತಂಗಿ, “ಅಪ್ಪ ಕೊಟ್ಟ ಹಂಸಕ್ಕೇನೇ ಅದು, ಕೊರಳಿಗೆ ಬ್ಯಾಂಡೇಜು?”

“ಹೆಬ್ಬೆಟ್ಟಿನ ಗುರುತೂ ಇದೆ” ಎಂದರು ಪೋಸ್ಟ್‌ಮಾಸ್ಟರರು, ಮುಂದಕ್ಕೆ ಬಾಗಿ. ಸಣ್ಣ ಅಕ್ಷರ ಓದಿ ಅವರ ಕಣ್ಣು ಹರಿತವಾಗಿತ್ತು. “ರುಜು ಬಾರದವರು ಒತ್ತೋ ಥರದ್ದು.”

ಇರುವೆಯೋ ಬೆಕ್ಕೋ ಉಪಗ್ರಹದ ದೋಷವೋ, ಏನಾದರೊಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಮಾತಾಡಿದಳು.

“ಅದಾ? ಅದು ಹಳೇದು ಕಣೇ. ನಿಮ್ಮ ಭಾವ ಬೀಳ್ಕೊಡುಗೆ ದಿನ ಮುರಿದು ಅಂಟಿಸಿದ್ದು.”

“ನಿನಗೆ...” ಎಂದೆ.

“ಅಪ್ಪ ಕೊಟ್ಟ ದಿನದಿಂದ ಎರಡೂ ಒಂದನ್ನೊಂದು ನೋಡ್ತಾ ಕೂತಿದ್ವು. ನಾನು ತರಕಾರಿ ತಗೊಂಡು ಬರೋದ್ರೊಳಗೆ ಒಂದು ಗೋಡೆ ನೋಡ್ತಾ ಇತ್ತು. ನೀವು ನಾನು ಹೇಳದೇನೇ ಒರೆಸೋ ಬಟ್ಟೆ ಹಿಡ್ಕೊಂಡು ನಿಂತಿದ್ರಿ. ಅಷ್ಟು ಗೊತ್ತಾಗೋಕೆ ಕನ್ನಡಕ ಬೇಕಾ?”

“ಗೊತ್ತಿದ್ದೂ ಹನ್ನೊಂದು ವರ್ಷ ಸುಮ್ಮನಿದ್ದೆಯಾ?”

“ಒಂದೆರಡು ಸಲ ಹೇಳಿಬಿಡೋಣ ಅಂದ್ಕೊಂಡೆ. ಆದ್ರೆ ಅಷ್ಟು ಚೆನ್ನಾಗಿ ಒರೆಸ್ತಾ ಇದ್ರಿ. ಕೆಡಿಸೋಕೆ ಮನಸ್ಸು ಬರಲಿಲ್ಲ.” ಕೈ ಚಾಚಿದಳು. “ಈಗ ಎದ್ದು ಹಾಜರಿ ಪುಸ್ತಕದ ಹಿಂದಿಂದ ನನ್ನ ಕನ್ನಡಕ ತನ್ನಿ.”

“ಅದು ಅಲ್ಲಿದೆ ಅಂತ ನಿನಗೆ ಹೇಗೆ...”

“ಅಂಟಿನ ಬಾಟಲೀನೂ ಅಲ್ಲೇ ಸಿಕ್ಕಿತ್ತು.”

ತಂದುಕೊಟ್ಟೆ. ಪೋಸ್ಟ್‌ಮಾಸ್ಟರರು ಹೆಂಡತಿಯ ತಂಗಿಯ ಭುಜದಾಚೆಯಿಂದ ನನ್ನನ್ನು ನೋಡುತ್ತಿದ್ದ ನೋಟದಲ್ಲಿ ಕರುಣೆಗಿಂತ ಸಂತೋಷವೇ ಹೆಚ್ಚಿತ್ತು. ನನ್ನನ್ನು ಉದಾಹರಣೆ ಕೊಟ್ಟು ಅವರ ಮನೆಯಲ್ಲಿ ಹನ್ನೊಂದು ವರ್ಷ ನಡೆದ ಬೈಗುಳ ಅಂದಿಗೆ ನಿಲ್ಲುವುದಿತ್ತು. ಹೆಂಡತಿ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಎದ್ದು ಹೋಗಿ ಕಪಾಟು ತೆರೆದು, ಗೋಡೆ ನೋಡುತ್ತಿದ್ದ ಹಂಸವನ್ನು ಇತ್ತ ತಿರುಗಿಸಿದಳು. “ಇನ್ನು ಹೀಗೇ ಇರಲಿ. ನೋಡ್ಕೊಂಡಿರ್ಲಿ ಪಾಪ” ಎಂದಳು. ನನ್ನ ಎದೆಯಿಂದ ಹನ್ನೊಂದು ವರ್ಷದ ಕಲ್ಲೊಂದು ಇಳಿಯಿತು. ಇನ್ನು ಭಾನುವಾರಗಳು ನನ್ನವು ಎಂಬ ಸಣ್ಣ ಆಸೆಯೂ ಅಲ್ಲೇ ಮೊಳೆಯಿತು.

ಅಷ್ಟರಲ್ಲಿ ಜಾಹೀರಾತು ಎರಡನೆಯ ಸಲ ಬಂತು. ಈ ಸಲ ಅವಳು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡಿದಳು. ನನ್ನನ್ನಲ್ಲ.

“ಕಪಾಟಿನ ಮೇಲೆ ಜೇಡರ ಬಲೆ. ಕಿಟಕಿ ಪರದೆ ಕಂಬಿ ತುಂಬ ಧೂಳು. ಫ್ಯಾನಿನ ರೆಕ್ಕೆ ನೋಡಿ, ಬಣ್ಣವೇ ಗೊತ್ತಾಗ್ತಿಲ್ಲ. ಇದನ್ನೆಲ್ಲ ಊರಿಗೇ ತೋರಿಸಿದ್ದೀರಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೃದುವಾಗಿ, “ನೀವು ಕಪಾಟು ಅಷ್ಟು ಚೆನ್ನಾಗಿ ಒರೆಸ್ತೀರಲ್ಲ” ಎಂದಳು.

ಹೋದ ವಾರ ತಂತ್ರಜ್ಞ ಮತ್ತೆ ಬಂದಿದ್ದ. ಮೂರು ತಿಂಗಳ ಬಳಕೆಯ ನಂತರದ ಅನಿಸಿಕೆ ಬೇಕಂತೆ. ನಾನು ಆಗ ಸ್ಟೂಲಿನ ಮೇಲೆ ನಿಂತು ಫ್ಯಾನಿನ ಎರಡನೆಯ ರೆಕ್ಕೆಯಲ್ಲಿದ್ದೆ. ಕೆಳಗಿಳಿದು, ಕೈ ತೊಳೆದು, ಈ ಸಲ ನಿಜವಾಗಿಯೂ ಎರಡೇ ವಾಕ್ಯ ಬರೆದೆ: ‘ಚಿತ್ರ ಬಹಳ ಸ್ಪಷ್ಟವಾಗಿದೆ. ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಉಪಕರಣವೊಂದು ನಲವತ್ತೆರಡು ವರ್ಷಗಳಿಂದ ನಮ್ಮ ಮನೆಯಲ್ಲೇ ಇತ್ತೆಂಬುದು ಗ್ರಾಹಕನಿಗೆ ತಿಳಿದಿರಲಿಲ್ಲ.’

ಹೆಂಡತಿ ಕನ್ನಡಕವಿಲ್ಲದೆಯೇ ಓದಿದಳು. “ಚೆನ್ನಾಗಿದೆ. ಮೂರನೇ ರೆಕ್ಕೆ ಬಾಕಿ ಇದೆ” ಎಂದು ಒದ್ದೆ ಬಟ್ಟೆಯನ್ನು ನನ್ನ ಕೈಗಿತ್ತಳು.