ಪಾಲಿಗೆ ಬಂದ ಕಾದಂಬರಿ

ಪಾಠ ಮಾಡುತ್ತ ಮಾಡುತ್ತ ಕಣ್ಣೊರೆಸಿಕೊಳ್ಳುವ ಮೇಷ್ಟ್ರುಗಳನ್ನು ನಂಬಬೇಡಿ. ನಾನೂ ಆ ಜಾತಿಯವನೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಸಿರುಗುಪ್ಪದ ಕಾಲೇಜೊಂದರಲ್ಲಿ ಹದಿನೈದು ವರ್ಷಗಳಿಂದ ಐಚ್ಛಿಕ ಕನ್ನಡದ ಮಕ್ಕಳಿಗೆ ಒಂದು ಅನುವಾದಿತ ಕಿರು ಕಾದಂಬರಿಯನ್ನು ಬೋಧಿಸುತ್ತ ಬಂದಿದ್ದೇನೆ. ಯಾವುದೋ ಪರದೇಶದ ಕಡಲ ದಂಡೆ, ಅಲ್ಲೊಂದು ಬಡ ಕೇರಿ, ಆ ಕೇರಿಯ ತುಂಬ ಊರಿಗೆ ಬೇಡವಾದ ಜನ. ಹಡಗು ತಪ್ಪಿಸಿಕೊಂಡು ಅಲ್ಲೇ ಉಳಿದುಬಿಟ್ಟ ಒಬ್ಬ ಅಡುಗೆಯವ, ನೀರಿಗೆ ಹೆದರುವ ಒಬ್ಬ ಮೀನುಗಾರ, ಎಲ್ಲರನ್ನೂ ಬೈಯುತ್ತ ಎಲ್ಲರಿಗೂ ಗಂಜಿ ಕಾಯಿಸುವ ಒಬ್ಬ ಮುದುಕಿ. "ಜಗತ್ತು ಕೆಲಸಕ್ಕೆ ಬಾರದವರೆಂದು ಎಸೆದ ಜೀವಗಳು ಇವು" ಎಂದು ಹೇಳಿ, ಕನ್ನಡಕ ತೆಗೆದು, ಒರೆಸಿ, ಕಿಟಕಿಯಾಚೆ ನೋಡುತ್ತೇನೆ. ಮುಂದಿನ ಬೆಂಚಿನ ಹುಡುಗಿಯರು ದುಪಟ್ಟದ ತುದಿಯಿಂದ ಕಣ್ಣೊತ್ತಿಕೊಳ್ಳುತ್ತಾರೆ. ಕಿಟಕಿಯಾಚೆ ಕಾಣುವುದು ಅಕ್ಕಿ ಗಿರಣಿಯ ಚಿಮಣಿ. ಅದರಾಚೆ ಎರಡು ಕಿಲೋಮೀಟರ್ ನಡೆದರೆ ತುಂಗಭದ್ರೆ, ಅವಳ ದಂಡೆಯ ಮೇಲೆ ಏಳೆಂಟು ತಗಡಿನ ಮನೆ. ಹದಿನೈದು ವರ್ಷದಲ್ಲಿ ಒಂದು ದಿನವೂ ನಾನು ಆ ಕಡೆ ಹೋಗಿರಲಿಲ್ಲ. ಬೆಳಿಗ್ಗೆ ಬಳ್ಳಾರಿ ಬಸ್ಸಿಗೆ ಬಂದು ಸಂಜೆ ಬಳ್ಳಾರಿ ಬಸ್ಸಿಗೇ ಹಿಂದಿರುಗುವ ನನಗೆ, ಕಿಟಕಿ ಪಕ್ಕದ ಸೀಟು ತಪ್ಪಬಾರದು ಎಂಬುದೇ ಜೀವನದ ದೊಡ್ಡ ಚಿಂತೆಯಾಗಿತ್ತು.

ಆ ಪುಸ್ತಕದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರ ಮುದ್ರಣ ನಿಂತು ಯಾವ ಕಾಲವಾಯಿತೋ. ವಿದ್ಯಾರ್ಥಿಗಳೆಲ್ಲ ಗೈಡು ಓದಿಯೇ ಪಾಸಾಗುವವರು, ಇಡೀ ತಾಲ್ಲೂಕಿಗೆ ಇದ್ದದ್ದು ನನ್ನದೊಂದೇ ಪ್ರತಿ. ಅದರ ಅಂಚಿನ ತುಂಬ ಹದಿನೈದು ವರ್ಷದ ನನ್ನ ಟಿಪ್ಪಣಿ. 'ಮಹತ್ವದ್ದು, ಐದು ಅಂಕ.' 'ಇಲ್ಲಿ ನಿಧಾನ.' ಎಂಬತ್ತನಾಲ್ಕನೇ ಪುಟದಲ್ಲಿ, ಹೇಳಲು ನಾಚಿಕೆಯಾಗುತ್ತದೆ, 'ಇಲ್ಲಿ ಕನ್ನಡಕ ತೆಗೆ' ಎಂದೂ ಬರೆದುಕೊಂಡಿದ್ದೆ. ಒಮ್ಮೆ ನನ್ನ ಹೆಂಡತಿ, ಕುರುಗೋಡಿನ ನೇರ ಮಾತಿನ ಹೆಣ್ಣುಮಗಳು, ಅದನ್ನು ಓದಲು ಕೇಳಿದ್ದಳು. ಮೊದಲು ಕೈ ತೊಳೆದುಕೊಂಡು ಬಾ ಎಂದೆ. ಅವಳು ಕೈ ತೊಳೆದುಕೊಂಡು ನೇರವಾಗಿ ಹಿಟ್ಟು ನಾದಲು ಹೋದವಳು ಆಮೇಲೆ ಆ ಪುಸ್ತಕದ ಸುದ್ದಿ ಎತ್ತಲಿಲ್ಲ.

ಅಂಥ ಪುಸ್ತಕವನ್ನು ನಾನು ಹುಲಿಗೆಮ್ಮನಿಗೆ ಕೊಟ್ಟೆ. ಹುಲಿಗೆಮ್ಮ ನಮ್ಮ ಕಾಲೇಜಿನ ಕಸ ಗುಡಿಸುವವಳು. ಮಗಳ ಪುಸ್ತಕ ನೋಡಿ ನೋಡಿ ತಾನೇ ಓದು ಕಲಿತವಳು. ನನ್ನ ಪಾಠದ ಹೊತ್ತಿಗೆ ಸರಿಯಾಗಿ ವರಾಂಡ ಗುಡಿಸುತ್ತಿದ್ದಳು, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಒಂದು ದಿನ ಪೊರಕೆ ಗೋಡೆಗೆ ಆನಿಸಿ ಕೇಳಿದಳು: "ಸಾರ್, ನೀವು ಹೇಳೋದು ನಮ್ಮ ಹೊಳಿ ದಂಡಿ ಮಂದಿ ಕತಿ ಏನ್ರೀ?"

"ಹೊಳೆ ಅಲ್ಲಮ್ಮ, ಸಮುದ್ರ" ಎಂದು ತಿದ್ದಿದೆ.

"ನೀರು ನೀರೇ ಅಲ್ಲೇನ್ರೀ. ಮಂದಿ ನಮ್ಮಂಥವ್ರೇ ಅದಾರ. ಒಂದೀಟು ಕೊಟ್ರ ಓದಿ ಕೊಡ್ತೀನ್ರಿ."

ಆಗಷ್ಟೇ ಕನ್ನಡಕ ಒರೆಸಿ ಹೊರಗೆ ಬಂದಿದ್ದೆ, ಮನಸ್ಸು ಇನ್ನೂ ಹಸಿಯಾಗಿತ್ತು. ಕೊಟ್ಟುಬಿಟ್ಟೆ. ಸಂಜೆ ಮನೆಯಲ್ಲಿ ವಿಷಯ ತಿಳಿದ ಹೆಂಡತಿ, "ಆಕಿಗೂ ಕೈ ತೊಳ್ಕೊಂಡು ಬಾ ಅಂದ್ರೇನು?" ಎಂದಷ್ಟೇ ಕೇಳಿದಳು.

ತಿಂಗಳಾಯಿತು, ಪುಸ್ತಕ ಬರಲಿಲ್ಲ. ಕೇಳಲು ಸಂಕೋಚ. ಅಷ್ಟರಲ್ಲಿ ಕಾಲೇಜಿನ ಗುಣಮಟ್ಟ ನೋಡಲು ಸಮಿತಿಯೊಂದು ಬರುತ್ತದೆಂಬ ಸುದ್ದಿ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆದರು. "ಸೋಮವಾರ ನಿಮ್ಮ ಕ್ಲಾಸಿನಾಗ ಕುಂದರ್ತಾರಂತ್ರಿ. ಮಕ್ಕಳ ಸಂಖ್ಯೆ ಕಡಿಮಿ ಐತಿ, ನಿಮ್ಮ ವಿಭಾಗ ಇಡೋದೋ ಮುಚ್ಚೋದೋ ಅನ್ನೋದು ಅವತ್ತೇ ತೀರ್ಮಾನ. ಆ ಸಮುದ್ರದ ಪಾಠ ಮಾಡ್ರಿ, ಕಣ್ಣಾಗ ನೀರು ಬರ್ತಾವಲ್ಲ, ಅದು." ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಅಂಚಿನ ಟಿಪ್ಪಣಿ ಇಲ್ಲದಿದ್ದರೆ ಎಲ್ಲಿ ಅಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ವಿಭಾಗ ಮುಚ್ಚಿದರೆ ನನ್ನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ, ಐಚ್ಛಿಕ ಕನ್ನಡ ನಂಬಿ ಬಂದ ಇಪ್ಪತ್ತಮೂರು ಮಕ್ಕಳ ಗತಿ ಏನೋ. ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದು ಹೊಳೆದಂಡೆಗೆ ನಡೆದೆ.

ಜಾಲಿ ಮರದ ಕೆಳಗೆ ಹುಲಿಗೆಮ್ಮನ ಗಂಡ ಮಾರೆಪ್ಪ ಕುಳಿತು ಹರಿದ ಬಲೆ ಹೆಣೆಯುತ್ತಿದ್ದ. ಪಕ್ಕದಲ್ಲಿ ಹರಿಗೋಲು ಬೋರಲು ಬಿದ್ದಿತ್ತು. ಪುಸ್ತಕ ಎಂದೆ. "ಐತ್ರಿ ಸಾರ್, ಎಲ್ಲಾರ ಮನ್ಯಾಗೂ ಐತಿ" ಎಂದ. ಹುಲಿಗೆಮ್ಮ ಒಳಗಿಂದ ತಂದು ಕೈಗಿಟ್ಟದ್ದು ಏಳೆಂಟು ಹಾಳೆ. ಹೊಲಿಗೆ ಬಿಚ್ಚಿ ಕಾದಂಬರಿಯನ್ನು ಎಂಟು ಪಾಲು ಮಾಡಿದ್ದರು.

ಆ ದಂಡೆಯ ಪದ್ಧತಿ ಅದು. ಕೂಡಿ ಹಿಡಿದ ಮೀನನ್ನು ಮರಳ ಮೇಲೆ ಗುಡ್ಡೆ ಗುಡ್ಡೆಯಾಗಿ ಹಾಕುತ್ತಾರೆ. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದು ಯಾರ್ದು?" ಎನ್ನುತ್ತಾನೆ, ಬೆನ್ನು ತಿರುಗಿಸಿದವನು ಒಂದು ಹೆಸರು ಹೇಳುತ್ತಾನೆ. ಆಮೇಲೆ ತಕರಾರಿಲ್ಲ, ಪಾಲಿಗೆ ಬಂದದ್ದು ಪಂಚಾಮೃತ. ನನ್ನ ಕಾದಂಬರಿಯೂ ಹಾಗೆಯೇ ಹಂಚಿಕೆಯಾಗಿತ್ತು.

"ಒಬ್ಬರಾದ ಮೇಲೆ ಒಬ್ಬರು ಓದಬಹುದಿತ್ತಲ್ಲಪ್ಪಾ" ಎಂದೆ.

"ಒಬ್ರು ಓದಿ ಮುಗಿಸೋತನ ಉಳದವ್ರು ಬಾಯಿ ನೋಡ್ಕೋಂತ ಕುಂದರ್ಬೇಕೇನ್ರೀ? ಸಿಕ್ಕಿದ್ದು ಅವತ್ತೇ ಪಾಲಾಗ್ಬೇಕ್ರಿ ಸಾರ್, ಇಟ್ಟುಕೊಂಡ್ರ ಕೆಡ್ತೈತಿ." ಹೀಗೆಂದ ಮಾರೆಪ್ಪ ಹರಿಗೋಲಿನ ಅಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಟ್ಟು ತೆಗೆದ. "ಬಲಿ ಯಾರ್ದೋ ಅವ್ರಿಗೊಂದು ಪಾಲು ಇರ್ತೈತ್ರಿ. ಪುಸ್ತಕ ನಿಮ್ದು, ಅದಕ್ಕ ನಿಮ್ದೂ ತಗದಿಟ್ಟೀವಿ." ಬಿಚ್ಚಿ ನೋಡಿದೆ. ಮುಖಪುಟ, ಮುನ್ನುಡಿ, ಅನುವಾದಕರ ಎರಡು ಮಾತು, ಅಚ್ಚಿನ ತಪ್ಪು ತಿದ್ದುವ ಒಪ್ಪೋಲೆ. ಬೆನ್ನು ತಿರುಗಿಸಿ ಹೆಸರು ಹೇಳಿದವನಿಗೆ ನನ್ನ ಪರಿಚಯ ಚೆನ್ನಾಗಿ ಇದ್ದಂತಿತ್ತು.

ನಾಳೆಯ ಸಂಕಟ ಹೇಳಿಕೊಂಡೆ. ಕೂಡಲೇ ಮನೆ ಮನೆಯಿಂದ ಪಾಲುಗಳು ಬಂದವು. ಒಂದಕ್ಕೆ ಅರಿಶಿನ ಹತ್ತಿತ್ತು, ಒಂದು ದೇವರ ಫೋಟೋ ಹಿಂದಿನಿಂದ ಬಂತು. ಕೊಡುವ ಮೊದಲು ಒಂದು ಸಲ ಸಾಲಾಗಿ ಓದಿಬಿಡೋಣ ಎಂದಳು ಹುಲಿಗೆಮ್ಮ. ಎಲ್ಲರೂ ತಂತಮ್ಮ ತುಂಡಷ್ಟೇ ಓದಿದವರು. ಹುಟ್ಟು ಗೊತ್ತಿದ್ದವರಿಗೆ ಸಾವು ಗೊತ್ತಿರಲಿಲ್ಲ, ಜಗಳ ಸಿಕ್ಕಿದವರಿಗೆ ರಾಜಿ ಸಿಕ್ಕಿರಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಒಬ್ಬೊಬ್ಬರೂ ತಮ್ಮ ಪಾಲು ಬಂದಾಗ ಗಂಟಲು ಸರಿಮಾಡಿಕೊಂಡು ಓದಿದರು, ನನ್ನ ಟಿಪ್ಪಣಿಯನ್ನೂ ಬಿಡದೆ. "'ಇಲ್ಲಿ ಕನ್ನಡಕ ತೆಗೆ'" ಎಂದು ಹುಲಿಗೆಮ್ಮ ಓದಿದಾಗ ನಾನು ಹೊಳೆಯ ಕಡೆ ನೋಡಿದೆ. ಮಾರೆಪ್ಪ ಕೇಳಿದ: "ಸಾರ್, ಆ ಅಡಿಗಿಯವ ಅತ್ತಿದ್ದಕ್ಕ ಐದು ಅಂಕ ಹಾಕೀರಿ. ಹಂಗ ನಕ್ಕಾನಲ್ರೀ, ಅದಕ್ಕ ಎರಡೇ ಯಾಕ?" ಹದಿನೈದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಅದು.

ಕೊನೆಯ ಪಾಲು ತಾಯಮ್ಮನದು. ಗಂಡ ಹೊಳೆಯಲ್ಲಿ ಹೋದ ಮೇಲೆ ನೀರಿಗಿಳಿಯದ ಎಪ್ಪತ್ತರ ಮುದುಕಿ. ಆದರೂ ಪ್ರತಿ ಬೇಟೆಯಲ್ಲಿ ಅವಳಿಗೊಂದು ಗುಡ್ಡೆ ಇದ್ದೇ ಇರುತ್ತದೆ. ಅವಳಿಗೆ ಅಕ್ಷರ ಬಾರದು. "ಕೂರ್ಚೋ ನಾಯನಾ" ಎಂದು ತೆಲುಗಿನಲ್ಲೇ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈಯಲ್ಲಿ ಓದಿಸಿದಳು. ಕಾದಂಬರಿಯ ಮುದುಕಿ ಮುರಿದ ಬಾಗಿಲನ್ನು ಎತ್ತಿ ನಿಲ್ಲಿಸಿ ಮತ್ತೆ ಒಲೆ ಹಚ್ಚುವಲ್ಲಿಗೆ ಕತೆ ಮುಗಿಯುತ್ತದೆ. ಮುಗಿಸಿದೆ. ಅಲ್ಲಿ ಯಾರೂ ಅಳಲಿಲ್ಲ. "ಒಲಿ ಹತ್ತಿತಲ್ಲ, ಸಾಕು" ಎಂದಳು ತಾಯಮ್ಮ. ಆಮೇಲೆ ಆ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

"ಅಮ್ಮಾ, ಅದು ಬೇಕಿತ್ತು."

"ಓದಾಕ ಬರದಿದ್ರೇನಪ್ಪ, ಪಾಲು ಪಾಲೇ. ಕೊಟ್ಟ ಪಾಲು ಯಾರಾರ ತಿರುಗಿ ಇಸ್ಕೊಂತಾರೇನು?"

ಉಳಿದದ್ದನ್ನು ಮಾರೆಪ್ಪ ಬಲೆಯ ನೈಲಾನ್ ದಾರದಲ್ಲಿ ಹೊಲಿದುಕೊಟ್ಟ. ಕೊನೆಯಿಲ್ಲದ ಆ ಕಾದಂಬರಿ ಹಿಡಿದು ಬಸ್ಸಿನಲ್ಲಿ ಬಳ್ಳಾರಿಯವರೆಗೆ ನಿಂತೇ ಹೋದೆ.

ಸೋಮವಾರ ಸಮಿತಿಯ ಮೂವರು ಹಿಂದಿನ ಬೆಂಚಿನಲ್ಲಿ ಕುಳಿತರು. ಪಾಠ ಶುರುವಾಯಿತು. ಪುಟ ತಿರುವಿದಾಗಲೆಲ್ಲ ಸಣ್ಣಗೆ ಮೀನಿನ ವಾಸನೆ. ಎಂಬತ್ತನಾಲ್ಕನೇ ಪುಟ ದಾಟಿದ್ದೇ ಗೊತ್ತಾಗಲಿಲ್ಲ, ಕನ್ನಡಕ ಮೂಗಿನ ಮೇಲೇ ಉಳಿಯಿತು. ಕೊನೆಗೆ ಬಂದಾಗ ಹಾಳೆ ಇಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮುಂದಿನದು ತಾಯಮ್ಮ ಎಂಬವರ ಹತ್ತಿರ ಇದೆ" ಎಂದೆ. ಸಮಿತಿಯ ಮೇಡಂ ತಲೆಯೆತ್ತಿದರು. "ವಾಪಸ್ ತಗೋಬಹುದಿತ್ತಲ್ಲ?" ತೆಗೆದುಕೊಳ್ಳುವಂತಿಲ್ಲ ಎಂದು, ಮರಳ ಮೇಲಿನ ಗುಡ್ಡೆಗಳು, ಬೆನ್ನು ತಿರುಗಿಸಿದವನು, ನೀರಿಗಿಳಿಯದವಳಿಗೂ ಎತ್ತಿಡುವ ಪಾಲು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ ನನಗೇ ಸಂತೋಷವಾಗತೊಡಗಿತು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. "ಹಂಗಾದ್ರ ಕತಿ ಹೆಂಗ ಮುಗೀತೈತ್ರಿ ಸಾರ್?" ಎಂದು ಒಬ್ಬ ಹುಡುಗಿ ಕೇಳಿದಳು. ಈ ಕಾದಂಬರಿಯ ಅಂತ್ಯವನ್ನು ಗೈಡಿನ ಹೊರಗೆ ಯಾರಾದರೂ ಹುಡುಕಿದ್ದು ಅದೇ ಮೊದಲು. ಮೇಡಂ ಏನೋ ಬರೆದುಕೊಂಡರು. ವಿಭಾಗ ಉಳಿಯಿತು. ವರದಿಯಲ್ಲಿ ನನ್ನ ಪಾಠಕ್ಕೆ 'ಸಮುದಾಯದೊಂದಿಗೆ ನಿಕಟ ಸಂಪರ್ಕ' ಎಂಬ ಹೊಗಳಿಕೆಯೂ ಸಿಕ್ಕಿತು. ಅದನ್ನು ಓದಿ ಹೆಂಡತಿ ಬಹಳ ಹೊತ್ತು ನಕ್ಕಳು.

ಮುಂದಿನ ಭಾನುವಾರ ಇಪ್ಪತ್ತಮೂರೂ ಮಕ್ಕಳು ಹೊಳೆದಂಡೆಗೆ ಬಂದರು, ಹೆಂಡತಿಯೂ ಬಂದಳು. ತಾಯಮ್ಮ ಸೆರಗು ಬಿಚ್ಚಿದಳು, ಹುಲಿಗೆಮ್ಮ ಓದಿದಳು. ಓದು ಮುಗಿದ ಮೇಲೆ ಮಾತಿಗೆ ಮಾತು ಬೆಳೆದು, ಕತೆಯಲ್ಲಿ ಯಾರು ಯಾರಂತೆ ಎಂಬ ಚರ್ಚೆ ಎದ್ದಿತು. ಬೈಯುತ್ತ ಗಂಜಿ ಕಾಯಿಸುವವಳು ತಾನೇ ಎಂದು ತಾಯಮ್ಮ ಒಪ್ಪಿಕೊಂಡಳು. ನೀರಿಗೆ ಹೆದರುವ ಮೀನುಗಾರ ತನ್ನ ತಮ್ಮನೇ ಎಂದ ಮಾರೆಪ್ಪ. ನಾನೂ ಹುಮ್ಮಸ್ಸಿನಲ್ಲಿ ಕೇಳಿಬಿಟ್ಟೆ: "ಮತ್ತೆ ನಾನು ಯಾರು ಮಾರೆಪ್ಪ?"

ಅವನು ಬಲೆ ಹೆಣೆಯುವುದನ್ನು ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನೀವು ಇದರಾಗ ಇಲ್ರೀ ಸಾರ್" ಎಂದ, ಮರ್ಯಾದೆಯಿಂದಲೇ. "ಇದರಾಗ ಇರೋರು ಎಲ್ಲಾರೂ ಏನಾರ ಒಂದು ಕೆಲಸ ಮಾಡ್ತಾರ್ರೀ."

ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ಮಾರೆಪ್ಪನಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಬಲೆಯ ಒಂದು ತುದಿ ಎತ್ತಿ ನನ್ನ ಕೈಗೆ ಕೊಟ್ಟ. "ಈ ಕಡಿ ಬಿಗಿಯಾಗಿ ಹಿಡ್ಕೋರಿ ಸಾರ್, ಬಿಡಬ್ಯಾಡ್ರಿ." ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಊಟಕ್ಕೆಂದು ಎದ್ದು ಹೋದರು, ಮಾರೆಪ್ಪನೂ ಹೋದ. ಬಿಡು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ನಾನು ಹಿಡಿದುಕೊಂಡೇ ಕುಳಿತಿದ್ದೆ.